ಇಪ್ಪತ್ಮೂರನೇ ಗಾಜು

ಚಿಕ್ಕಕೊಪ್ಪಲಿನ ನರ್ಸು ರುಕ್ಮಿಣಮ್ಮನಿಗೆ ಕೊಳಕು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆ ಹೋಗುವ ರಸ್ತೆಯಲ್ಲಿ, ಎರಡು ಮೈಲಿ ಒಳಗಿರುವ ಆ ಊರಿನ ಆರೋಗ್ಯ ಉಪಕೇಂದ್ರದಲ್ಲಿ ಅವಳು ಇಪ್ಪತ್ತೊಂದು ವರ್ಷ ಸವೆಸಿದ್ದಳು. ಯಾರ ಹಿತ್ತಲಲ್ಲಿ ನೀರು ನಿಂತಿದೆ, ಯಾರ ಮಗುವಿನ ಉಗುರಲ್ಲಿ ಮಣ್ಣಿದೆ ಎನ್ನುವುದೆಲ್ಲ ಅವಳಿಗೆ ಬಾಯಿಪಾಠ. ಅವಳು ಬೀದಿಯಲ್ಲಿ ಬಂದರೆ ಜನ ಮೊದಲು ತಮ್ಮ ಕೈ ನೋಡಿಕೊಂಡು, ಬೆನ್ನ ಹಿಂದೆ ಮರೆಸಿ, ಆಮೇಲೆ ನಗುತ್ತಿದ್ದರು. ಬೈದರೂ ಹೆರಿಗೆಗೆ ಕರೆದಾಗ ಎಷ್ಟು ಹೊತ್ತಾದರೂ ಬರುವವಳು ಅವಳೇ ಆದ್ದರಿಂದ ಊರು ಅವಳ ಬೈಗುಳವನ್ನು ಮಳೆ ಬಿಸಿಲಿನ ಹಾಗೆ ಸಹಿಸಿಕೊಂಡಿತ್ತು.

ಎರಡು ಸಾವಿರದ ಮೂರನೇ ಇಸವಿ, ದೀಪಾವಳಿ ಕಳೆದು ಹದಿನೈದು ದಿನ. ಬ್ಯಾರನ್ನಿನ ಬಿಸಿ ಕೋಣೆಗಳಲ್ಲಿ ಹೊಗೆಸೊಪ್ಪು ಬೇಯಿಸುವ ಕೆಲಸ ಮುಗಿದು, ಬೆಳೆಗಾರ ಕಂಠಪ್ಪನವರ ಶೆಡ್ಡಿನಲ್ಲಿ ಗ್ರೇಡಿಂಗು ಶುರುವಾಗಿತ್ತು. ಇಪ್ಪತ್ತೆರಡು ಹೆಂಗಸರು ಸಾಲಾಗಿ ಕೂತು ಒಣ ಎಲೆಗಳನ್ನು ಬಣ್ಣದ ಪ್ರಕಾರ ಬೇರೆ ಬೇರೆ ಗುಡ್ಡೆ ಮಾಡುವ ಕಾಲ. ಎಲ್ಲರ ಬಾಯಲ್ಲೂ ಎಲೆಅಡಿಕೆ, ಅದರ ಜೊತೆ ಒಂದು ಚೂರು ಕಡ್ಡಿಪುಡಿ, ಅದೂ ಹೊಗೆಸೊಪ್ಪಿನದೇ. ಅದಿಲ್ಲದೆ ಸಂಜೆತನಕ ಬೆನ್ನು ಬಗ್ಗುವುದಿಲ್ಲ ಎಂದು ಅವರ ವಾದ. ರುಕ್ಮಿಣಮ್ಮ ಮಾತ್ರ ಜನ್ಮದಲ್ಲಿ ಒಂದು ಅಡಿಕೆ ಚೂರನ್ನೂ ಬಾಯಿಗೆ ಹಾಕಿದವಳಲ್ಲ.

ಮೈಸೂರಿನ ಒಂದು ಸಂಶೋಧನಾ ಲ್ಯಾಬಿನಿಂದ ಕಾವ್ಯಶ್ರೀ ಎಂಬ ಚಿಕ್ಕ ವಯಸ್ಸಿನ ಡಾಕ್ಟರು ಆ ವಾರ ಬರುವವರಿದ್ದರು. ಕೆನ್ನೆಯ ಒಳಭಾಗವನ್ನು ಮೆತ್ತಗಿನ ಬ್ರಶ್ಶಿನಿಂದ ಉಜ್ಜಿ, ಬಂದದ್ದನ್ನು ಗಾಜಿನ ಮೇಲೆ ಸವರಿ, ಅದಕ್ಕೊಂದು ಹೊಸ ಬಣ್ಣ ಹಾಕಿ ನೋಡುವುದು ಅವರ ಕೆಲಸ. ಬಾಯಲ್ಲಿ ಕ್ಯಾನ್ಸರು ಹುಣ್ಣಾಗಿ ಕಾಣುವ ಮೊದಲೇ, ಜೀವಕೋಶ ಕೆಡಲು ಶುರುವಾದಾಗಲೇ ಗೊತ್ತಾಗುತ್ತದೆ ಎಂದು ಅವರು ಫೋನಿನಲ್ಲಿ ಹೇಳಿದ್ದರು. ರುಕ್ಮಿಣಮ್ಮನಿಗೆ ಇದು ದೊಡ್ಡ ವಿಷಯವೇ. ಆದರೆ ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿತ್ತು. ಈ ಕೆಂಪು ಬಾಯಿಗಳನ್ನು ಮೈಸೂರಿನವರ ಮುಂದೆ ಹೇಗೆ ತೆರೆಸುವುದು?

ಹಿಂದಿನ ದಿನ ಶೆಡ್ಡಿಗೆ ಹೋಗಿ ಕಟ್ಟಪ್ಪಣೆ ಮಾಡಿದಳು. "ನಾಳೆ ಬೆಳಗ್ಗೆ ಒಬ್ಬರೂ ಎಲೆಅಡಿಕೆ ಹಾಕೋ ಹಾಗಿಲ್ಲ. ಉಪ್ಪು, ಅರಿಸಿನ ಕಲಸಿ ಹಲ್ಲು, ಕೆನ್ನೆ, ನಾಲಿಗೆ ಎಲ್ಲ ಚೆನ್ನಾಗಿ ಉಜ್ಜಿಕೊಂಡು ಬನ್ನಿ. ಅರಿಸಿನ ಹಚ್ಚಿದ್ರೆ ವಾಸನೆನೂ ಹೋಗ್ತದೆ, ಗಾಯ ಗೀಯ ಇದ್ರೆ ಮಾಯ್ತದೆ. ನನ್ನ ಮರ್ಯಾದೆ ಕಳೀಬೇಡಿ."

ಹೆಂಗಸರು ಹೇಳಿದ್ದಕ್ಕಿಂತ ಹೆಚ್ಚೇ ಮಾಡಿದರು. ಮರುದಿನ ಶೆಡ್ಡಿನ ಜಗಲಿಯಲ್ಲಿ ಸಾಲು ನಿಂತಾಗ ಒಬ್ಬೊಬ್ಬರ ಹಲ್ಲೂ ಬೆಳಗಿದ ಪಾತ್ರೆಯಂತಿತ್ತು. ಸಿದ್ದಲಿಂಗಮ್ಮನಂತೂ ಮೂರು ಸಲ ಉಜ್ಜಿ ವಸಡಿನಲ್ಲಿ ರಕ್ತ ಬರಿಸಿಕೊಂಡಿದ್ದಳು. ಧೈರ್ಯ ಬರಲಿ ಎಂದು ರುಕ್ಮಿಣಮ್ಮ ತಾನೇ ಮೊದಲು ಕುರ್ಚಿಯ ಮೇಲೆ ಕೂತು ಬಾಯಿ ತೆರೆದಳು. ಒಂದನೇ ನಂಬರು ಅವಳದೇ ಆಯಿತು. ಹೆಂಗಸರು ಕೆನ್ನೆ ಒರೆಸಿಕೊಳ್ಳುತ್ತ, ಕಚಗುಳಿ ಆಯಿತೆಂದು ನಗುತ್ತ ಒಬ್ಬೊಬ್ಬರಾಗಿ ಇಳಿದರು. ಗಾಜುಗಳನ್ನು ಒಣಗಿಸಿ ಮರದ ಪೆಟ್ಟಿಗೆಯ ಸಂದುಗಳಲ್ಲಿ ನಿಲ್ಲಿಸುವಾಗ ಕಾವ್ಯಶ್ರೀ "ಎಷ್ಟು ಕ್ಲೀನಾಗಿ ಬಂದಿದಾರೆ ಸಿಸ್ಟರ್" ಎಂದರು. ರುಕ್ಮಿಣಮ್ಮ ಒಂದು ಗೇಣು ಎತ್ತರ ಬೆಳೆದಳು.

ಆಗ ಬಂದವಳು ಮರಮ್ಮ. ಸಾಲಿನಲ್ಲಿ ಕೊನೆಯವಳು, ನಂಬರು ಇಪ್ಪತ್ಮೂರು. ಐವತ್ತು ದಾಟಿದ ಒಂಟಿ ಹೆಂಗಸು. ಗಂಡ ಸತ್ತು ಹತ್ತು ವರ್ಷವಾಗಿತ್ತು, ಮಗಳನ್ನು ಎಚ್.ಡಿ. ಕೋಟೆಯ ಕಡೆ ಕೊಟ್ಟಿದ್ದಳು. ಎಲೆಯ ಬಣ್ಣ ಗುರುತಿಸುವುದರಲ್ಲಿ ಆ ಹೋಬಳಿಗೇ ಅವಳ ಸಮಾನ ಇರಲಿಲ್ಲ. ಬೇರೆಯವರ ಕಣ್ಣಿಗೆ ಒಂದೇ ನಿಂಬೆಹಳದಿ ಎನಿಸುವ ಎಲೆಗಳಲ್ಲಿ ಅವಳು ಮೂರು ಜಾತಿ ಎತ್ತಿ ತೋರಿಸುತ್ತಿದ್ದಳು, ಹರಾಜಿನಲ್ಲೂ ಅದೇ ನಿಜವಾಗುತ್ತಿತ್ತು. ಅದಕ್ಕೇ ಕಂಠಪ್ಪನವರೂ ಅವಳ ಬಾಯಿಗೆ ಹೆದರುತ್ತಿದ್ದರು. ದೇವರಿಗೇ ನೀನು ಅನ್ನುವವಳು, ನರ್ಸಮ್ಮನಿಗೆ ನೀವು ಅಂದಾಳೆಯೇ? ಈಗಲೂ ಎಲೆಅಡಿಕೆ ಅಗಿಯುತ್ತಲೇ ಬಂದು, ನಲ್ಲಿಯ ಹತ್ತಿರ ಉಗಿದು, ನಾಲ್ಕು ಸಲ ನೀರು ಮುಕ್ಕಳಿಸಿ ಕುರ್ಚಿಯ ಮೇಲೆ ಕೂತಳು.

ರುಕ್ಮಿಣಮ್ಮನ ಮುಖ ಕೆಂಪಾಯಿತು. "ಉಪ್ಪು ಅರಿಸಿನ ಹಾಕಿ ಉಜ್ಜು ಅಂತ ಹೇಳಿರಲಿಲ್ಲವೇನೆ?"

"ನನ್ ಬಾಯೇನು ದ್ಯಾವ್ರ ಮುಂದೆ ಇಕ್ಕೋ ಚೆಂಬಾ, ಬೆಳಗಿ ತರಾಕೆ? ನೋಡಕ್ ಬಂದೋರು ಇದ್ದದ್ದ ಇದ್ದಂಗೆ ನೋಡ್ಕಳ್ಳಿ ಬುಡು."

"ಇಪ್ಪತ್ತೆರಡು ಜನ ಮರ್ಯಾದೆಯಿಂದ ಬಂದಿದಾರೆ. ನಿನ್ನೊಬ್ಬಳಿಂದ ಊರಿನ ಮಾನ ಹೋಯ್ತು. ಥೂ, ಹಂದಿನೂ ಇಷ್ಟು ಗಲೀಜಾಗಿರಲ್ಲ!"

ಕೊನೆಯ ಮಾತು ಬಾಯಿಂದ ಜಾರಿತು. ಜಗಲಿಯಲ್ಲಿ ಕೂತಿದ್ದವರು ಮುಸಿಮುಸಿ ನಕ್ಕರು. ಮರಮ್ಮ ಡಾಕ್ಟರ ಕಡೆ ತಿರುಗಿ ಬಾಯಿ ಅಗಲಿಸಿ ಕೂತುಬಿಟ್ಟಳು.

ಹದಿಮೂರು ದಿನ ಬಿಟ್ಟು ಕಾವ್ಯಶ್ರೀ ಮತ್ತೆ ಬಂದರು. ಈ ಸಲ ಅವರ ಮುಖದಲ್ಲಿ ನಗು ಇರಲಿಲ್ಲ. ರುಕ್ಮಿಣಮ್ಮನನ್ನು ಉಪಕೇಂದ್ರದ ಒಳಗೆ ಕೂರಿಸಿ, ಅವಳಿಗೆ ತಿಳಿಯುವಂತೆ ಬಿಡಿಸಿ ಹೇಳಿದರು. ಪ್ರತಿ ಜೀವಕೋಶದ ನಡುವೆ ಒಂದು ಬೀಜ ಇರುತ್ತದೆ. ಅದರೊಳಗೆ ಡಿಎನ್‌ಎ. ಅವರ ಬಣ್ಣ ಹೋಗಿ ಆ ಡಿಎನ್‌ಎಯನ್ನೇ ಹಿಡಿದುಕೊಳ್ಳುತ್ತದೆ. ಕತ್ತಲೆ ಕೋಣೆಯಲ್ಲಿ ನೀಲಿ ಬೆಳಕು ಬಿಟ್ಟರೆ ಹಸಿರಾಗಿ ಹೊಳೆಯುತ್ತದೆ. ಕೆಡಲು ಶುರುವಾದ ಕೋಶದಲ್ಲಿ ಡಿಎನ್‌ಎ ಅಳತೆ ಮೀರಿ ಬೆಳೆದಿರುತ್ತದೆ, ಅದರಿಂದ ಅದು ಹೆಚ್ಚು ಹೊಳೆಯುತ್ತದೆ. ಗಾಜಿನಿಂದ ಎಷ್ಟು ಬೆಳಕು ಬಂತು ಎಂದು ಒಂದು ಮೀಟರು ಅಂಕಿ ತೋರಿಸುತ್ತದೆ. ಮೈಸೂರಿನ ಕಾಲೇಜು ಹುಡುಗಿಯರ ಬಾಯಿಂದ ತೆಗೆದ ಗಾಜುಗಳಲ್ಲಿ ಅಂಕಿ ಇಪ್ಪತ್ತರ ಒಳಗಿತ್ತು.

"ಇಲ್ಲಿ?" ಎಂದಳು ರುಕ್ಮಿಣಮ್ಮ.

"ಇಪ್ಪತ್ತೆರಡು ಜನರಲ್ಲಿ ನೂರರ ಮೇಲೆ ಸಿಸ್ಟರ್. ಎರಡೆರಡು ಸಲ ನೋಡಿದೆ. ಹೊಗೆಸೊಪ್ಪಿನ ಧೂಳು, ಅಗಿಯೋದು, ಎರಡೂ ಸೇರಿರಬಹುದು. ಎಲ್ಲರೂ ಮೈಸೂರಿಗೆ ಬಂದು ಚೂರು ಮಾಂಸ ತೆಗೆಸಿ ಪರೀಕ್ಷೆ ಮಾಡಿಸ್ಬೇಕು. ಒಬ್ಬರದು ಮಾತ್ರ ಇಪ್ಪತ್ತಾರು. ಅಂದ್ರೆ ಹೆಚ್ಚುಕಮ್ಮಿ ಸರಿ ಇದೆ ಅಂತಲೇ. ಇಪ್ಪತ್ಮೂರನೇ ನಂಬರು."

ರುಕ್ಮಿಣಮ್ಮನಿಗೆ ಇಪ್ಪತ್ಮೂರು ಯಾರೆಂದು ಹೊಳೆಯುವ ಮೊದಲು, ಒಂದು ಯಾರೆಂದು ಹೊಳೆಯಿತು.

ಸುದ್ದಿಯನ್ನು ಶೆಡ್ಡಿಗೆ ಮುಟ್ಟಿಸಿದವಳೂ ಅವಳೇ. ಹೇಗೆ ಹೇಳಿದಳೋ ಅವಳಿಗೇ ನೆನಪಿಲ್ಲ. ಸಿದ್ದಲಿಂಗಮ್ಮ ಎದೆ ಬಡಿದುಕೊಂಡು ಅತ್ತಳು. ಉಳಿದವರು ಎಲೆಗಳನ್ನು ಕೈಯಲ್ಲಿ ಹಿಡಿದೇ ಕೂತರು. "ಮರಮ್ಮ, ನಿನಗೇನೂ ಇಲ್ಲ. ನೀನೊಬ್ಬಳು ಚೆನ್ನಾಗಿದೀಯ" ಎಂದಾಗ ಮರಮ್ಮ ಕತ್ತೆತ್ತಿ, "ಇನ್ನೊಂದ್ ಕಿತ ಏಳು" ಎಂದಳು. ಮತ್ತೆ ಹೇಳಿಸಿಕೊಂಡಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಮುಂದಿನ ಎಲೆ ಎತ್ತಿಕೊಂಡಳು. ಗೆದ್ದೆ ಎಂದು ಕುಣಿಯುತ್ತಾಳೆ, ಆಡಿಕೊಳ್ಳುತ್ತಾಳೆ ಎಂದುಕೊಂಡಿದ್ದ ರುಕ್ಮಿಣಮ್ಮನಿಗೆ ಇದು ವಿಚಿತ್ರವೆನಿಸಿತು. ಆದರೆ ಅದನ್ನು ಯೋಚಿಸುವಷ್ಟು ಪುರಸೊತ್ತು ಅವಳ ಮನಸ್ಸಿಗೆ ಇರಲಿಲ್ಲ.

ಮುಂದಿನ ದಿನಗಳು ಕೆಟ್ಟವು. ಎಲೆ ಮುಟ್ಟದವಳಿಗೆ, ದಿನಕ್ಕೆರಡು ಸಲ ಹಲ್ಲುಜ್ಜುವವಳಿಗೆ ಇದೆಲ್ಲಿಂದ ಬಂತು ಎಂದು ಅವಳು ಕನ್ನಡಿಯ ಮುಂದೆ ಬಾಯಿ ತೆರೆದು ನಿಲ್ಲುತ್ತಿದ್ದಳು. ಏನೂ ಕಾಣುತ್ತಿರಲಿಲ್ಲ. ಕಾಣದಿದ್ದದ್ದೇ ಹೆದರಿಕೆ ಹೆಚ್ಚಿಸುತ್ತಿತ್ತು. ಊರಿಗೆಲ್ಲ ಬುದ್ಧಿ ಹೇಳುವ ಹೆಂಗಸು, ಗುಟ್ಟಾಗಿ ಬೆಳಗ್ಗೆ, ಮಧ್ಯಾಹ್ನ, ಸಂಜೆ ಕೆನ್ನೆಯೊಳಗೆ ಅರಿಸಿನ ಮೆತ್ತಿಕೊಳ್ಳತೊಡಗಿದಳು. ವಾಸಿಯಾಗಲಿ ಎಂದು. ಎಂಟನೇ ದಿನ ತಡೆಯಲಾರದೆ, ಉಳಿದವರ ಸರದಿಗೆ ಇನ್ನೂ ವಾರವಿರುವಾಗಲೇ ಮೈಸೂರಿನ ಬಸ್ಸು ಹತ್ತಿದಳು.

ಲ್ಯಾಬಿನಲ್ಲಿ ಕಾವ್ಯಶ್ರೀ ಅವಳನ್ನು ಕೂರಿಸಿ, ಮಾಂಸ ತೆಗೆಯುವ ಮೊದಲು ಇನ್ನೊಂದು ಸಲ ಉಜ್ಜಿ ನೋಡೋಣ ಎಂದು ಬ್ರಶ್ಶು ಹಾಕಿದರು. ಹೊರಗೆ ತೆಗೆದಾಗ ಬಿಳಿ ಬ್ರಶ್ಶು ಹಳದಿಯಾಗಿತ್ತು.

"ಇದೇನು ಸಿಸ್ಟರ್?"

"ಅರಿಸಿನ ಡಾಕ್ಟ್ರೇ. ದಿನಕ್ಕೆ ಮೂರು ಸಲ ಹಚ್ತಾ ಇದೀನಿ."

ಕಾವ್ಯಶ್ರೀ ಬ್ರಶ್ಶನ್ನೇ ನೋಡುತ್ತ ನಿಂತರು. "ಕ್ಯಾಂಪಿನ ದಿನಾನೂ ಹಚ್ಚಿದ್ರಾ?"

"ಹಚ್ಚದೆ ಇರ್ತೀನಾ! ನಾನೊಬ್ಬಳೇ ಅಲ್ಲ, ಎಲ್ಲರ ಕೈಲೂ ಉಜ್ಜಿಸಿದ್ದೆ. ಸುಮ್ಮನೆ ಅಷ್ಟು ಕ್ಲೀನಾಗಿ ಬರೋ ಜನವಾ ಅವರು?" ಅಷ್ಟು ಭಯದ ನಡುವೆಯೂ ಅವಳ ದನಿಯಲ್ಲಿ ಒಂದಿಷ್ಟು ಹೆಮ್ಮೆ ಇತ್ತು.

ಕಾವ್ಯಶ್ರೀ ರುಕ್ಮಿಣಮ್ಮನ ಬ್ಯಾಗಿನಲ್ಲಿದ್ದ ಅರಿಸಿನದ ಪೊಟ್ಟಣ ಬಿಚ್ಚಿಸಿ, ಒಂದು ಚಿಟಿಕೆಯನ್ನು ನೀರಿನ ಹನಿಯಲ್ಲಿ ಕಲಸಿ, ಹೊಸ ಗಾಜಿನ ಮೇಲೆ ಸವರಿ, ಕತ್ತಲೆ ಕೋಣೆಗೆ ಹೋದರು. ಎರಡೇ ನಿಮಿಷ. ಒಳಗಿಂದ "ಬನ್ನಿ ಇಲ್ಲಿ" ಎಂದು ಕರೆದರು. ರುಕ್ಮಿಣಮ್ಮ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ನೋಡಿದಳು. ಹಸಿರುಹಳದಿ ಬೆಳಕು ಅಂಚಿನಿಂದ ಅಂಚಿಗೆ ತುಂಬಿ ನಿಂತಿತ್ತು.

"ನನ್ನ ಬಣ್ಣ ಹಾಕೇ ಇಲ್ಲ ಇದಕ್ಕೆ. ಬರೀ ಅರಿಸಿನ. ನೀಲಿ ಬೆಳಕಿಗೆ ಅದು ತಾನೇ ಹೊಳೆಯುತ್ತೆ. ಇಪ್ಪತ್ತೆರಡು ಗಾಜಿನಲ್ಲೂ ನಾನು ಅಳೆದಿದ್ದು ಇದನ್ನೇ." ಕಾವ್ಯಶ್ರೀ ಸ್ಟೂಲಿನ ಮೇಲೆ ಕೂತರು. "ಓದಿದೀನಿ ಸಿಸ್ಟರ್ ನಾನು, ಅರಿಸಿನ ಹೊಳೆಯುತ್ತೆ ಅಂತ. ಕೇಳಬೇಕು ಅಂತ ಹೊಳೀಲಿಲ್ಲ. ಅಂಕಿ ನೋಡ್ಕೊಂಡು ಕೂತೆ."

ರುಕ್ಮಿಣಮ್ಮನಿಗೆ ಮೊದಲು ಅರ್ಥವಾದದ್ದು ಒಂದೇ, ಆ ನೂರರ ಅಂಕಿ ಸುಳ್ಳು. ಎಂಟು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿಯಿತು. ಜೋರಾಗಿ ನಗಬೇಕು ಎನಿಸಿತು. ಊರಿಗೆ ಓಡಿ ಸಿದ್ದಲಿಂಗಮ್ಮನನ್ನು ಹಿಡಿದು ಅಲ್ಲಾಡಿಸಬೇಕು ಎನಿಸಿತು. ಆಮೇಲೆ, "ಅರಿಸಿನ ಹಚ್ಚದೆ ಇದ್ದವಳು ಒಬ್ಬಳೇ, ಮರಮ್ಮ. ಅವಳ ಗಾಜೊಂದೇ ಸರಿ ಹಾಗಾದ್ರೆ" ಎಂದಳು. ಆ ಹಟಮಾರಿಯೇ ಗೆದ್ದಳಲ್ಲ ಎಂದು ಸಣ್ಣ ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳುವುದು.

ಕಾವ್ಯಶ್ರೀ ಮುಖ ಎತ್ತಿದರು. "ಇಪ್ಪತ್ತಾರು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. "ನೂರರ ಮುಂದೆ ಅದು ಏನೂ ಅಲ್ಲ ಅನಿಸ್ತು. ಇಪ್ಪತ್ತರ ಮುಂದೆ ಇಟ್ಟು ನೋಡಲೇ ಇಲ್ಲ ನಾನು."

ಪೆಟ್ಟಿಗೆಯಿಂದ ಇಪ್ಪತ್ಮೂರನೇ ಗಾಜನ್ನು ತೆಗೆದರು. ಈ ಸಲ ಮೀಟರನ್ನು ಪಕ್ಕಕ್ಕೆ ಸರಿಸಿ, ಕಣ್ಣಿನಲ್ಲೇ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಗಾಜನ್ನು ಕೂದಲೆಳೆಯಷ್ಟೇ ಸರಿಸುತ್ತ ನೋಡಿದರು. ಕಾಲು ಗಂಟೆ ಹಿಡಿಯಿತು. ನಡುನಡುವೆ ಪೆನ್ಸಿಲಿನಿಂದ ಕಾಗದದ ಮೇಲೆ ಗುರುತು ಹಾಕುತ್ತಿದ್ದರು. ರುಕ್ಮಿಣಮ್ಮ ಆ ಗುರುತುಗಳನ್ನು ಎಣಿಸುತ್ತ ನಿಂತಳು. ಹತ್ತಾದವು.

"ಗಾಜೆಲ್ಲ ಸರಿಯಿದೆ. ಆದರೆ ಹತ್ತು ಕೋಶ ಸರಿಯಿಲ್ಲ ಸಿಸ್ಟರ್. ಇದು ಆರಂಭ. ಈಗ ತೆಗೆದ್ರೆ ಕೆನ್ನೆಯ ಚೂರು ಹೋಗುತ್ತೆ ಅಷ್ಟೇ. ಬಿಟ್ಟರೆ ದವಡೆ ಹೋಗುತ್ತೆ. ಆಮೇಲೆ ಏನಂತ ನಿಮಗೇ ಗೊತ್ತು."

ರುಕ್ಮಿಣಮ್ಮನಿಗೆ ಗೊತ್ತಿತ್ತು. ಅಂಥ ಮೂರು ಮುಖಗಳಿಗೆ ಅವಳು ಕೊನೆಯ ದಿನಗಳಲ್ಲಿ ಬಟ್ಟೆ ಕಟ್ಟಿದ್ದಳು. ಇನ್ನು ಅವಳೇ ಹೋಗಿ, ನಿನಗೇನೂ ಇಲ್ಲ ಎಂದು ಎಲ್ಲರ ಮುಂದೆ ಎರಡೆರಡು ಸಲ ಹೇಳಿದ ಹೆಂಗಸಿಗೆ, ಇದೆ ಎಂದು ಹೇಳಬೇಕು.

ತಾವೂ ಬರುತ್ತೇನೆಂದ ಕಾವ್ಯಶ್ರೀಯನ್ನು ಅವಳು ಬೇಡವೆಂದಳು. ಮರುದಿನ ಬೆಳಗ್ಗೆ ಶೆಡ್ಡಿಗೆ ಹೋಗಿ, ಬಾಗಿಲಲ್ಲೇ ನಿಂತು, ಉಪ್ಪು ಅರಿಸಿನ ಉಜ್ಜಿಸಿದ್ದು ತನ್ನ ತಪ್ಪು, ಅದರಿಂದಲೇ ಇಪ್ಪತ್ತೆರಡು ಗಾಜು ಸುಳ್ಳಾದವು ಎಂದು ಒಂದೇ ಉಸಿರಿಗೆ ಹೇಳಿದಳು. ಕೆಲವರು ನಕ್ಕರು, ಕೆಲವರು ಅತ್ತರು. ಸಿದ್ದಲಿಂಗಮ್ಮ ಕೈಯಲ್ಲಿದ್ದ ಎಲೆಕಟ್ಟನ್ನು ನೆಲಕ್ಕೆ ಬಿಸಾಕಿ, "ಒಂಬತ್ ದಿನದಿಂದ ಅನ್ನ ಸೇರಿಲ್ಲ ಕಣವ್ವ ನಂಗೆ. ನಿನ್ ಮರ್ಯಾದೆಗೆ ಬೆಂಕಿ ಬೀಳ" ಎಂದು ಬೈದಳು. ರುಕ್ಮಿಣಮ್ಮ ಅನ್ನಿಸಿಕೊಂಡಳು.

ಆಮೇಲೆ ಮರಮ್ಮನ ಎದುರು ಹೋಗಿ ನೆಲದ ಮೇಲೆ ಕೂತಳು. ಆ ಧೂಳಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಸೀರೆಯಲ್ಲಿ. "ನಿನ್ನದೊಂದೇ ಗಾಜು ನಿಜ ಹೇಳಿತ್ತು. ನಾವು ತಪ್ಪು ಓದಿದ್ವಿ. ಆವತ್ತು ನಿನ್ನ ಹಂದಿ ಅಂದೆ. ಅದೂ ತಪ್ಪು" ಎಂದು ಶುರುಮಾಡಿ, ಇದ್ದದ್ದನ್ನೆಲ್ಲ ಹೇಳಿದಳು.

ಮರಮ್ಮನ ಕೈ ನಿಲ್ಲಲಿಲ್ಲ. ಎಲೆಗಳು ಒಂದೊಂದಾಗಿ ಗುಡ್ಡೆ ಸೇರುತ್ತಿದ್ದವು. "ಆವತ್ತು ಅಂಗಂದೆ, ಇವತ್ತು ಇಂಗಂತೀಯ. ನಾಳಿಕ್ಕೆ ಇನ್ನೇನಂದೀಯೋ. ನಾ ಎಲ್ಲಿಗೂ ಬರಾಕಿಲ್ಲ, ಎದ್ದೋಗು."

ಎದ್ದು ಹೋದಳು. ಮರುದಿನ ಮತ್ತೆ ಬಂದಳು. ಅದರ ಮರುದಿನವೂ. ಮಗಳಿಗೆ ಹೇಳಿ ಕಳಿಸುತ್ತೇನೆ ಎಂದಳು, ಕಾಲು ಹಿಡಿಯುತ್ತೇನೆ ಎಂದಳು. ಮರಮ್ಮ ಕಲ್ಲು. ಮೂರನೇ ದಿನ ರುಕ್ಮಿಣಮ್ಮನಿಗೆ ಹೇಳುವ ಮಾತೇ ಮುಗಿದುಹೋಗಿ, ಸುಮ್ಮನೆ ಪಕ್ಕದಲ್ಲಿ ಕೂತು ಅವಳ ಕೈ ನೋಡತೊಡಗಿದಳು. ಮರಮ್ಮ ಒಂದು ಎಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ, ಹಳದಿ ಗುಡ್ಡೆಗೆ ಹಾಕುವುದನ್ನು ಬಿಟ್ಟು ದೂರಕ್ಕೆ ಎಸೆದಳು.

"ಅದ್ಯಾಕೆ ಅತ್ಲಾಗೆ? ಇದರ ಹಾಗೇ ಇದೆಯಲ್ಲ?"

"ನಿನ್ ಕಣ್ಗೆ. ಒಳ್ಗೆ ಹಸುರು ನಿಂತದೆ ಅದ್ರಲ್ಲಿ."

"ಇದು ಒಳ್ಳೇ ಎಲೆ ಅಂತ ಕಂಠಪ್ಪನೋರು ಹೇಳಿದ್ರೆ?"

"ಅವ್ರಪ್ಪ ಏಳಿದ್ರೂ ನಂಬಾಕಿಲ್ಲ. ಬಾಯ್ ಮಾತಿಗೆ ಗ್ರೇಡ್ ಮಾಡಾರ ಯಾರಾನಾ? ಬೆಳಕ್ಗೆ ಇಡ್ದು ಕಣ್ಣಲ್ಲಿ ಕಾಣ್ಬೇಕು."

ರುಕ್ಮಿಣಮ್ಮ ಅವಳ ಮಣಿಕಟ್ಟು ಹಿಡಿದುಕೊಂಡಳು. "ಹಾಗಾದ್ರೆ ನನ್ನ ಮಾತೂ ಬೇಡ, ಡಾಕ್ಟ್ರ ಮಾತೂ ಬೇಡ. ಬಾ. ಬೆಳಕಿಗೆ ಇಟ್ಟು ತೋರಿಸ್ತಾರೆ. ನಿನ್ನ ಗಾಜಿನ ಗ್ರೇಡು ನೀನೇ ಮಾಡು. ಕೆಟ್ಟದ್ದು ನಿನ್ನ ಕಣ್ಣಿಗೆ ಕಾಣದಿದ್ದರೆ ವಾಪಸ್ ಬಂದುಬಿಡೋಣ, ಆಮೇಲೆ ನಾನು ಸೊಲ್ಲೆತ್ತಲ್ಲ."

ಮರಮ್ಮ ಮಡಿಲ ಧೂಳು ಕೊಡವಿ ಎದ್ದಳು.

ಹುಣಸೂರಿನ ಬಸ್‌ಸ್ಟ್ಯಾಂಡಿನಿಂದ ಇಬ್ಬರೂ ಮೈಸೂರಿನ ಬಸ್ಸು ಹತ್ತಿದರು. ಲ್ಯಾಬಿನ ಕತ್ತಲೆ ಕೋಣೆಯಲ್ಲಿ ಕಾವ್ಯಶ್ರೀ ಎತ್ತರದ ಸ್ಟೂಲು ಹಾಕಿ ಮರಮ್ಮನನ್ನು ಕೂರಿಸಿ, ಒಂದು ಕಣ್ಣು ಮುಚ್ಚಿ ನೋಡುವುದನ್ನು ಕಲಿಸಿದರು. ಗಾಜನ್ನು ಸರಿಸುವ ತಿರುಪನ್ನು ಅವಳ ಬೆರಳಿಗೇ ಕೊಟ್ಟರು. ಯಾವುದು ಸರಿ, ಯಾವುದು ಕೆಟ್ಟದ್ದು ಎಂದು ಹೇಳಿಕೊಡಲಿಲ್ಲ. "ನೋಡಿ ಅಮ್ಮ. ಹೇಗಿದೆ ಹೇಳಿ."

"ಕತ್ಲೆ ಅದೆ. ಹಸುರು ಚುಕ್ಕಿ ಅವೆ. ಸಣ್ಣವು, ಒಂದೇ ಸೈಜು." ಬೆರಳು ಮೆಲ್ಲಗೆ ತಿರುಗಿತು. "ಇವೂ ಅಂಗೇ. ಇವೂ ಅಂಗೇ." ಬೆರಳು ನಿಂತಿತು. "ಇದು ಬ್ಯಾರೆ."

ಕಾವ್ಯಶ್ರೀ ಗುರುತಿನ ಕಾಗದ ಬಿಚ್ಚಿದರು.

"ಇದು ಊದ್ಕಂಡದೆ. ಸುತ್ತ ಇರೋವ್ಕಿಂತ ಬೆಳಕು ಜಾಸ್ತಿ. ಅಂಚು ಸೊಟ್ಟ." ಮತ್ತೆ ತಿರುಗಿಸಿದಳು. "ಇದೊಂದು. ಇಲ್ಲಿ ಎಲ್ಡು ಜೊತೇಲವೆ." ಕಾವ್ಯಶ್ರೀ ತಮ್ಮ ಹಳೆಯ ಕಾಗದದ ಮೇಲೆ ಬೆರಳಿಟ್ಟು ಹೊಂದಿಸಿಕೊಳ್ಳುತ್ತ ಹೋದರು. ಮರಮ್ಮ ಶೆಡ್ಡಿನಲ್ಲಿ ಕೂತಷ್ಟೇ ನಿಧಾನವಾಗಿ, ಬೇರೆ ಯಾರದೋ ಎಲೆ ನೋಡುವಷ್ಟೇ ನಿಷ್ಠೆಯಿಂದ, ತನ್ನ ಕೆನ್ನೆಯನ್ನು ವಿಂಗಡಿಸಿದಳು. ಹತ್ತೂ ಸಿಕ್ಕಿದವು. ಆಮೇಲೆ ಅಂಚಿನಲ್ಲಿ ಇನ್ನೊಂದನ್ನು ತೋರಿಸಿದಳು. ಕಾವ್ಯಶ್ರೀ ಬಗ್ಗಿ ನೋಡಿ, "ಹೌದು, ಇದು ನನಗೆ ತಪ್ಪಿಹೋಗಿತ್ತು" ಎಂದು ಪೆನ್ಸಿಲಿನಲ್ಲಿ ಹನ್ನೊಂದನೇ ಗುರುತು ಹಾಕಿದರು.

ಹೊರಗೆ ಬಂದು ಬೆಂಚಿನ ಮೇಲೆ ಕೂತ ಮೇಲೆ ಮರಮ್ಮ ಬಾಯಿ ಬಿಟ್ಟಳು.

"ನಂಗೆ ಗೊತ್ತಿತ್ತು ಕಣವ್ವ."

"ಏನು ಗೊತ್ತಿತ್ತು?"

"ಯುಗಾದಿಯಿಂದ ಬಲಗಡೆ ಉರಿ. ಸಾರು ತಾಗುದ್ರೆ ಪ್ರಾಣ ಓದಂಗೆ ಆಯ್ತದೆ. ಎಡಗಡೇಲಿ ಉಣ್ತಿದ್ದೆ, ಆಮೇಲೆ ಅದೂ ಬ್ಯಾಡ ಅಂತ ಮುದ್ದೆಗೆ ಮಜ್ಜಿಗೆ ಕಲಸ್ಕಂಡು ನುಂಗ್ತಿದ್ದೆ. ಯಾರ್ಗೂ ಏಳ್ನಿಲ್ಲ. ಏಳುದ್ರೆ ನಿಜ ಆಯ್ತದಲ್ಲ ಅಂತ." ಅವಳು ಗೋಡೆಯ ಕಡೆ ನೋಡುತ್ತಲೇ ಮಾತಾಡಿದಳು. "ನೀ ಬಂದು, ಮರಮ್ಮ ನಿಂಗೇನೂ ಇಲ್ಲ ಅಂದೆ. ಎಲ್ಡ್ ಕಿತ ಅಂದೆ. ಮಿಸಿನ್ನೇ ಏಳದೆ, ನನ್ ಬಾಯೇ ಸುಳ್ಳೇಳ್ತದೆ ಅನ್ಕಂಡೆ. ಆವತ್ತು ಮನೆಗೋಗಿ ಉರುಳಿಕಾಳ್ ಬಸ್ಸಾರು ಮಾಡ್ದೆ. ಹಸಿ ಮೆಣಸಿನ್ಕಾಯಿ ಮುರ್ಕಂಡು ಉಂಡೆ. ಒಂಬತ್ ದಿನ ಖಾರ ಉಂಡೆ ಕಣವ್ವ. ಉರೀತಿತ್ತು, ಕಣ್ಣಲ್ಲಿ ನೀರ್ ಸುರೀತಿತ್ತು. ಏನೂ ಇಲ್ಲ, ಏನೂ ಇಲ್ಲ ಅಂದ್ಕಂಡು ಉಂಡೆ."

ರುಕ್ಮಿಣಮ್ಮನಿಗೆ ಅವಮಾನವಾಯಿತು, ದುಃಖವಾಯಿತು. ಇಪ್ಪತ್ತೊಂದು ವರ್ಷ ಊರಿನ ಉಗುರು ನೋಡಿದವಳು, ಒಂದು ಹೆಂಗಸು ಎಂಟು ತಿಂಗಳಿಂದ ಸಾರು ಬಿಟ್ಟದ್ದನ್ನು ನೋಡಿರಲಿಲ್ಲ. ಮರಮ್ಮನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಕೂತಳು. ಎಲೆಯ ಅಂಟು ಹತ್ತಿ ಕಪ್ಪಾದ ಬೆರಳುಗಳು. ತೊಳೆದುಕೊಂಡು ಬಾ ಎನ್ನಲಿಲ್ಲ.

ಮುಂದಿನದು ಬೇಗ ಆಯಿತು. ಚೂರು ತೆಗೆದು ಪರೀಕ್ಷಿಸಿದರು, ಗಾಜು ಹೇಳಿದ್ದೇ ನಿಜವಾಯಿತು. ಡಿಸೆಂಬರಿನಲ್ಲಿ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ನು. ಕೆನ್ನೆಯೊಳಗಿಂದ ಎರಡು ರೂಪಾಯಿ ನಾಣ್ಯದಗಲ ತೆಗೆದು, ತೊಡೆಯ ಚರ್ಮ ಹಾಕಿ ಹೊಲಿದರು. ದವಡೆ ಮುಟ್ಟಲಿಲ್ಲ. ಕೋಟೆಯಿಂದ ಮಗಳು ಬಂದಿದ್ದಳು, ಆದರೂ ರುಕ್ಮಿಣಮ್ಮ ರಜೆ ಹಾಕಿ ಹತ್ತು ದಿನ ಅಲ್ಲೇ ಇದ್ದಳು. ಉಳಿದ ಇಪ್ಪತ್ತೆರಡು ಜನ ಬರೀ ನೀರು ಮುಕ್ಕಳಿಸಿ ಮತ್ತೆ ಗಾಜು ಕೊಟ್ಟರು, ರುಕ್ಮಿಣಮ್ಮನೂ ಸೇರಿ. ಯಾರದ್ದೂ ಇಪ್ಪತ್ತು ದಾಟಲಿಲ್ಲ. ಈ ಸಲ ಕಾವ್ಯಶ್ರೀ ಅಂಕಿಯನ್ನು ನಂಬದೆ ಪ್ರತಿ ಗಾಜನ್ನೂ ಕಣ್ಣಿಟ್ಟು ನೋಡಿದರು. ಮನೆಗೆ ಕಳಿಸುವಾಗ ಆಪರೇಷನ್ ಮಾಡಿದ ಡಾಕ್ಟರು ಮರಮ್ಮನಿಗೆ, ಎಲೆಅಡಿಕೆ ಕಡ್ಡಿಪುಡಿ ಇನ್ನು ಈ ಜನ್ಮದಲ್ಲಿ ಇಲ್ಲ, ಖಾರ ಶಿವರಾತ್ರಿ ಕಳೆಯುವ ತನಕ ಇಲ್ಲ ಎಂದರು.

ಶಿವರಾತ್ರಿ ಕಳೆದ ಮರುದಿನ ಮಧ್ಯಾಹ್ನ ಮರಮ್ಮ ಹೇಳಿಕಳಿಸಿದಳು. ರುಕ್ಮಿಣಮ್ಮ ಹೋದಾಗ ಒಲೆಯ ಮುಂದೆ ಎರಡು ತಟ್ಟೆ ಇಟ್ಟಿದ್ದವು. ಮುದ್ದೆ, ಹುರುಳಿಕಾಳಿನ ಬಸ್ಸಾರು, ಒಂದೊಂದು ಹಸಿಮೆಣಸಿನಕಾಯಿ.

"ಮೊದ್ಲು ನೀ ಉಣ್ಣು" ಎಂದಳು ಮರಮ್ಮ.

"ಇಲ್ಲ, ನೀನು. ನಾನು ನೋಡ್ಬೇಕು."

ಮರಮ್ಮ ಮುದ್ದೆಯ ತುತ್ತನ್ನು ಸಾರಿನಲ್ಲಿ ಅದ್ದಿ ನುಂಗಿದಳು. ಆಮೇಲೆ ಮೆಣಸಿನಕಾಯಿಯ ತುದಿ ಕಚ್ಚಿ, ಬಲಗಡೆಗೆ ತಂದುಕೊಂಡು, ನಿಧಾನವಾಗಿ ಅಗಿದಳು. ಎಡಗಡೆಗೆ ಹೊರಳಿಸಿ ಮತ್ತೆ ಅಗಿದಳು. ಅವಳ ಕಣ್ಣು ತುಂಬಿ ಬಂತು, ಮೂಗು ಸೋರಿತು, ನೀರು ಕೆನ್ನೆಯ ಮೇಲೆ ಇಳಿಯಿತು.

ರುಕ್ಮಿಣಮ್ಮ ಮುಂದಕ್ಕೆ ಬಾಗಿದಳು. "ಉರೀತಿದೆಯಾ?"

"ಉರೀತಾದೆ" ಎಂದಳು ಮರಮ್ಮ. ಇನ್ನೊಂದು ಸಲ ನಾಲಿಗೆಯನ್ನು ಆ ಕೆನ್ನೆಗೂ ಈ ಕೆನ್ನೆಗೂ ತಾಗಿಸಿ, ಎಲೆಯನ್ನು ಬೆಳಕಿಗೆ ಹಿಡಿದಾಗಿನಷ್ಟೇ ಗಮನವಿಟ್ಟು ನೋಡಿಕೊಂಡಳು. "ಎಲ್ಡೂ ಕಡೆ ಒಂದೇ ಸಮ ಉರೀತಾದೆ ಕಣವ್ವ."